ನಿತ್ಯಬಳಕೆಯ ಇಂಗ್ಲಿಷ್ ವಾಕ್ಯಗಳಲ್ಲಿ ಅಲಂಕಾರಗಳನ್ನು ಗುರುತಿಸುವ ಕ್ರಮ

ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ಇಂಗ್ಲಿಷ್ ಭಾಷಾ ಶಿಕ್ಷಕರಿಗೂ ಅಭ್ಯಾಸ ಲೇಖನ

1. ಉದ್ದೇಶ

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಇಂಗ್ಲಿಷ್ ವಾಕ್ಯವನ್ನು ಓದುವಾಗ ಪ್ರತಿಯೊಂದು ಪದದ ಅರ್ಥವನ್ನೂ ನಿಘಂಟಿನಲ್ಲಿ ಹುಡುಕಿ ಜೋಡಿಸುವುದು ರೂಢಿ. ಪದಗಳೆಲ್ಲ ತಿಳಿದಿದ್ದರೂ ವಾಕ್ಯದ ಅರ್ಥ ಕೂಡಿಬರದ ಪ್ರಸಂಗಗಳು ಹಲವು. "ದ ಮಾನ್ಸೂನ್ ಬಿಟ್ರೇಡ್ ದ ಫಾರ್ಮರ್ಸ್" ಎಂಬ ವಾಕ್ಯವನ್ನು ಪದಶಃ ಓದಿದವನಿಗೆ ಮುಂಗಾರು ರೈತರಿಗೆ ದ್ರೋಹ ಬಗೆಯಿತು ಎಂದಾಗುತ್ತದೆ. ಮಳೆ ದ್ರೋಹ ಬಗೆಯುವುದೆಂದರೇನು ಎಂದು ಆತ ನಿಂತುಬಿಡುತ್ತಾನೆ. ತನಗೆ ಇಂಗ್ಲಿಷ್ ಬಾರದು ಎಂದೂ ಭಾವಿಸುತ್ತಾನೆ. ಆದರೆ ಅದೇ ವಿದ್ಯಾರ್ಥಿ ಮನೆಯಲ್ಲಿ "ಈ ಸಲ ಮಳೆ ಕೈಕೊಟ್ಟಿತು" ಎಂಬ ಮಾತನ್ನು ಕೇಳಿದಾಗ ಮಳೆಗೆ ಕೈ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಎರಡು ವಾಕ್ಯಗಳಲ್ಲಿಯೂ ನಡೆದಿರುವ ಕ್ರಿಯೆ ಒಂದೇ. ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ. ತಿಳಿದದ್ದನ್ನು ಇನ್ನೊಂದು ಭಾಷೆಯಲ್ಲಿ ಗುರುತಿಸುವ ಅಭ್ಯಾಸದಲ್ಲಿ. ಆ ಅಭ್ಯಾಸಕ್ಕೆ ನೆರವಾಗುವುದು ಈ ಲೇಖನದ ಉದ್ದೇಶ.

ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ವಿದ್ಯಾರ್ಥಿಗಳು ಪ್ರತಿ ವಾಕ್ಯವನ್ನು ಗಟ್ಟಿಯಾಗಿ ಓದಿ, ಬಳಿಕ ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವುದು. ಇದರಿಂದ ಕಾಗುಣಿತದ ಅಭ್ಯಾಸವೂ ಆಗುತ್ತದೆ.

2. ಕನ್ನಡದಲ್ಲಿ ಕಲಿತದ್ದೇ ಆಧಾರ

ಅಲಂಕಾರಶಾಸ್ತ್ರ ಕನ್ನಡಿಗರಿಗೆ ಹೊಸದಲ್ಲ. ಉಪಲಬ್ಧ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ 9ನೆಯ ಶತಮಾನದ ಕವಿರಾಜಮಾರ್ಗವೇ ಅಲಂಕಾರಗ್ರಂಥ. ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸುವ ಈ ಗ್ರಂಥದ ಎರಡನೆಯ ಪರಿಚ್ಛೇದ ಶಬ್ದಾಲಂಕಾರಗಳನ್ನೂ ಮೂರನೆಯದು ಅರ್ಥಾಲಂಕಾರಗಳನ್ನೂ ನಿರೂಪಿಸುತ್ತದೆ. ಪಶ್ಚಿಮದಲ್ಲಿ ಕ್ರಿಸ್ತಪೂರ್ವ 4ನೆಯ ಶತಮಾನದ ಅರಿಸ್ಟಾಟಲ್ ಈ ವಿಷಯವನ್ನು ಚರ್ಚಿಸಿದ್ದಾನೆ. ಎರಡು ಪರಂಪರೆಗಳು ಬೇರೆಬೇರೆಯಾಗಿ ಬೆಳೆದವಾದರೂ ನೋಡಿದ ವಸ್ತು ಒಂದೇ: ಮನುಷ್ಯನು ನೇರವಾಗಿ ಹೇಳಬಹುದಾದುದನ್ನು ಬೇರೊಂದು ರೀತಿಯಲ್ಲಿ ಹೇಳಿ ಅದಕ್ಕೆ ಬಲ ತುಂಬುವ ಬಗೆ.

ಕನ್ನಡ ತರಗತಿಯಲ್ಲಿ ಕಲಿತ ಶಬ್ದಾಲಂಕಾರ, ಅರ್ಥಾಲಂಕಾರ ಎಂಬ ವಿಭಾಗ ಇಂಗ್ಲಿಷಿಗೂ ಒದಗುತ್ತದೆ. ಕಿವಿಗೆ ಸಂಬಂಧಿಸಿದ ಚಮತ್ಕಾರ ಒಂದು ಬಗೆ. ಅರ್ಥಕ್ಕೆ ಸಂಬಂಧಿಸಿದ್ದು ಇನ್ನೊಂದು ಬಗೆ. ವಾಕ್ಯವನ್ನು ಕಂಡೊಡನೆ ಇವೆರಡರಲ್ಲಿ ಯಾವುದೆಂದು ನಿರ್ಧರಿಸಿದರೆ ಅರ್ಧ ಕೆಲಸ ಮುಗಿದಂತೆ.

3. ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಮೊದಲನೆಯದು: ಈ ಮಾತು ಇದ್ದಂತೆಯೇ ನಿಜವೇ? ನಿಜವಾಗಿದ್ದರೆ ಬಹುಮಟ್ಟಿಗೆ ಅಲ್ಲಿ ಅರ್ಥಾಲಂಕಾರವಿಲ್ಲ.
ಎರಡನೆಯದು: ನಿಜವಲ್ಲದಿದ್ದರೆ ಯಾವ ಕಾರಣಕ್ಕಾಗಿ ನಿಜವಲ್ಲ? ಹೋಲಿಕೆಯಿಂದಲೋ, ಅತಿಯಾಗಿ ಹೇಳಿದ್ದರಿಂದಲೋ, ಜಡವಸ್ತುವಿಗೆ ಮನುಷ್ಯನ ಗುಣ ಕೊಟ್ಟಿದ್ದರಿಂದಲೋ, ಒಂದರ ಹೆಸರನ್ನು ಇನ್ನೊಂದಕ್ಕೆ ಬಳಸಿದ್ದರಿಂದಲೋ?
ಮೂರನೆಯದು: ಅರ್ಥವನ್ನು ಬದಿಗಿಟ್ಟು ಬರಿಯ ಧ್ವನಿಯನ್ನು ಕೇಳಿದಾಗ ವಿಶೇಷವೇನಾದರೂ ಇದೆಯೇ?

ಮುಂದಿನ ಭಾಗಗಳಲ್ಲಿ ಈ ಪ್ರಶ್ನೆಗಳನ್ನು ಒಂದೊಂದು ಅಲಂಕಾರಕ್ಕೂ ಅನ್ವಯಿಸಲಾಗಿದೆ.

4. ಸಿಮಿಲಿ: ಉಪಮಾಲಂಕಾರ

"ಹಿಸ್ ದೋತಿ ವಾಸ್ ಆಸ್ ವೈಟ್ ಆಸ್ ಮಿಲ್ಕ್." ಅವನ ಧೋತರ ಹಾಲಿನಂತೆ ಬೆಳ್ಳಗಿತ್ತು. ಉಪಮಾಲಂಕಾರದ ನಾಲ್ಕು ಅಂಗಗಳೂ ಇಲ್ಲಿವೆ. ಧೋತರ ಉಪಮೇಯ, ಹಾಲು ಉಪಮಾನ, ಬೆಳ್ಳಗಿರುವುದು ಸಮಾನಧರ್ಮ, "ಆಸ್" ಎಂಬುದು ಉಪಮಾವಾಚಕ. "ಹರ್ ವರ್ಡ್ಸ್ ವರ್ ಲೈಕ್ ಹನಿ" ಎಂಬಲ್ಲಿ ಸಿಹಿ ಎಂಬ ಸಮಾನಧರ್ಮವನ್ನು ಹೇಳಿಲ್ಲ. ಇದು ಕನ್ನಡದ ಲುಪ್ತೋಪಮೆಗೆ ಸಮಾನ.

ಎರಡು ಭಾಷೆಗಳಿಗೆ ಇರುವ ವ್ಯತ್ಯಾಸವೆಂದರೆ ಉಪಮಾವಾಚಕದ ಸ್ಥಾನ. ಕನ್ನಡದಲ್ಲಿ "ಅಂತೆ", "ಹಾಗೆ", "ತೆರದಿ" ಎಂಬವು ಉಪಮಾನದ ನಂತರ ಬರುತ್ತವೆ. ಇಂಗ್ಲಿಷಿನಲ್ಲಿ "ಲೈಕ್", "ಆಸ್" ಎಂಬವು ಉಪಮಾನಕ್ಕೆ ಮೊದಲು ಬರುತ್ತವೆ.

ಇನ್ನು ಅತಿ ಮುಖ್ಯವಾದ ಎಚ್ಚರಿಕೆ. "ಲೈಕ್", "ಆಸ್" ಕಂಡೊಡನೆ ಸಿಮಿಲಿ ಎಂದು ಬರೆಯುವುದು ಹೆಚ್ಚು ವಿದ್ಯಾರ್ಥಿಗಳು ಮಾಡುವ ತಪ್ಪು. ಕೆಳಗಿನ ಯಾವ ವಾಕ್ಯದಲ್ಲಿಯೂ ಸಿಮಿಲಿ ಇಲ್ಲ.

"ಐ ಲೈಕ್ ಮ್ಯಾಂಗೋಸ್." ಇಲ್ಲಿ "ಲೈಕ್" ಇಷ್ಟಪಡುವುದು ಎಂಬ ಕ್ರಿಯಾಪದ.
"ದೆ ಗ್ರೋ ಕ್ರಾಪ್ಸ್ ಲೈಕ್ ರಾಗಿ ಅಂಡ್ ಜೋಳ." ಇಲ್ಲಿ ಅದು "ಮುಂತಾದ" ಎಂಬ ಅರ್ಥ ಕೊಡುತ್ತದೆ.
"ಶೀ ಲುಕ್ಸ್ ಲೈಕ್ ಹರ್ ಸಿಸ್ಟರ್." ಹೋಲಿಕೆ ಇದೆ, ಆದರೆ ಅದು ಕಣ್ಣಿಗೆ ಕಾಣುವ ವಾಸ್ತವ.
"ರವಿ ಈಸ್ ಆಸ್ ಟಾಲ್ ಆಸ್ ಮೋಹನ್." ಇದು ಅಳತೆಯ ಮಾತು, ವ್ಯಾಕರಣದ ತರತಮಭಾವಕ್ಕೆ ಸೇರಿದ್ದು.
"ಹೀ ವರ್ಕ್ಸ್ ಆಸ್ ಅ ಕ್ಲರ್ಕ್." ಇಲ್ಲಿ "ಆಸ್" ಎಂದರೆ "ಆಗಿ".

ಸಿಮಿಲಿ ಆಗಬೇಕಾದರೆ ಹೋಲಿಸಲ್ಪಟ್ಟ ಎರಡು ವಸ್ತುಗಳು ಬೇರೆಬೇರೆ ಜಾತಿಯವಾಗಿರಬೇಕು. ರವಿಯನ್ನು ಮೋಹನನಿಗೆ ಹೋಲಿಸಿದರೆ ಅಲಂಕಾರವಿಲ್ಲ. ರವಿಯನ್ನು ತೆಂಗಿನ ಮರಕ್ಕೆ ಹೋಲಿಸಿದರೆ ಅಲಂಕಾರ. ಈ ಒಂದು ನಿಯಮವನ್ನು ನೆನಪಿಟ್ಟವರು ಸಿಮಿಲಿಯಲ್ಲಿ ತಪ್ಪುವುದು ವಿರಳ.

ಹೆಸರಿನ ಕಾಗುಣಿತವನ್ನೂ ಗಮನಿಸಬೇಕು. ಎಸ್, ಐ, ಎಂ, ಐ, ಎಲ್, ಇ ಎಂಬುದು ಸರಿಯಾದ ಕ್ರಮ. ನಡುವಿನ ಒಂದು "ಐ" ಬಿಟ್ಟುಹೋದರೆ ಅದು ನಗು ಎಂಬ ಅರ್ಥದ "ಸ್ಮೈಲ್" ಆಗುತ್ತದೆ.

5. ಮೆಟಫರ್: ರೂಪಕಾಲಂಕಾರ

ಗ್ರೀಕ್ ಮೂಲದಲ್ಲಿ ಈ ಹೆಸರಿಗೆ "ಆಚೆ ಕೊಂಡೊಯ್ಯುವುದು" ಎಂಬ ಅರ್ಥ. ಒಂದು ವಸ್ತುವಿನ ಹೆಸರನ್ನೋ ಗುಣವನ್ನೋ ಇನ್ನೊಂದಕ್ಕೆ ಕೊಂಡೊಯ್ದು ಎರಡೂ ಒಂದೇ ಎಂಬಂತೆ ಹೇಳುವುದು ಮೆಟಫರ್. ಕನ್ನಡದ ರೂಪಕದಲ್ಲಿ ಉಪಮೇಯ ಉಪಮಾನಗಳಿಗೆ ಅಭೇದ ಕಲ್ಪಿಸುವಂತೆಯೇ ಇದು.

"ಮೈ ಬ್ರದರ್ ಈಸ್ ಲೈಕ್ ಅ ಟೈಗರ್ ಆನ್ ದ ಕಬಡ್ಡಿ ಕೋರ್ಟ್" ಎಂಬುದು ಸಿಮಿಲಿ. "ಮೈ ಬ್ರದರ್ ಈಸ್ ಅ ಟೈಗರ್ ಆನ್ ದ ಕಬಡ್ಡಿ ಕೋರ್ಟ್" ಎಂಬುದು ಮೆಟಫರ್. "ಮೈ ಬ್ರದರ್ ಈಸ್ ಅ ಡಾಕ್ಟರ್" ಎಂಬುದರಲ್ಲಿ ಯಾವ ಅಲಂಕಾರವೂ ಇಲ್ಲ. ಅಣ್ಣ ವೈದ್ಯನಾಗಿರುವುದು ನಿಜ.

ಮೆಟಫರ್ ಯಾವಾಗಲೂ "ಈಸ್" ಪದದ ಮೂಲಕವೇ ಬರುವುದಿಲ್ಲ. "ಪ್ರೈಸಸ್ ಆರ್ ಕ್ಲೈಂಬಿಂಗ್" ಎಂಬಲ್ಲಿ ಅದು ಕ್ರಿಯಾಪದದೊಳಗೆ ಅಡಗಿದೆ. ಬೆಲೆಗೆ ಹತ್ತಲು ಬೆಟ್ಟವಿಲ್ಲ. "ಶೀ ಪ್ಲಾಂಟೆಡ್ ಅ ಡೌಟ್ ಇನ್ ಹಿಸ್ ಮೈಂಡ್" ಎಂಬಲ್ಲಿ ಸಂಶಯವನ್ನು ಬೀಜದಂತೆ ಕಲ್ಪಿಸಲಾಗಿದೆ. ಕನ್ನಡದಲ್ಲಿಯೂ "ಸಂಶಯದ ಬೀಜ ಬಿತ್ತಿದಳು" ಎನ್ನುತ್ತೇವೆ.

ಬಳಸಿ ಬಳಸಿ ಸವೆದುಹೋದ ಮೆಟಫರ್‌ಗಳೂ ಇವೆ. "ದ ಲೆಗ್ಸ್ ಆಫ್ ದ ಟೇಬಲ್", "ದ ಐ ಆಫ್ ದ ನೀಡಲ್" ಎಂಬವು ಮೇಜಿನ ಕಾಲು, ಸೂಜಿಯ ಕಣ್ಣು ಎಂದು ಕನ್ನಡದಲ್ಲಿಯೂ ಹಾಗೆಯೇ ಇವೆ. ಇವು ಅಲಂಕಾರವೆಂದು ಯಾರಿಗೂ ತೋರುವುದಿಲ್ಲ. ಅಮೆರಿಕದ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಮನುಷ್ಯನ ದಿನನಿತ್ಯದ ಮಾತೂ ಆಲೋಚನೆಯೂ ಇಂತಹ ಮೆಟಫರ್‌ಗಳ ಮೇಲೆಯೇ ನಿಂತಿವೆ ಎಂದು ವಾದಿಸಿದರು. ಕಾಲವನ್ನು ಹಣವೆಂದು ಭಾವಿಸಿರುವುದರಿಂದಲೇ ಇಂಗ್ಲಿಷಿನಲ್ಲಿ "ಸೇವ್ ಟೈಮ್", "ಸ್ಪೆಂಡ್ ಟೈಮ್", "ವೇಸ್ಟ್ ಟೈಮ್" ಎಂಬ ಬಳಕೆಗಳಿವೆ ಎಂಬುದು ಅವರ ಪ್ರಸಿದ್ಧ ಉದಾಹರಣೆಗಳಲ್ಲೊಂದು.

6. ಪರ್ಸಾನಿಫಿಕೇಶನ್: ಮಾನವೀಕರಣ

ಜಡವಸ್ತುವಿಗೋ ಪ್ರಾಣಿಗೋ ಅಮೂರ್ತ ಭಾವಕ್ಕೋ ಮನುಷ್ಯನಿಗೆ ಮಾತ್ರ ಇರುವ ಗುಣ ಅಥವಾ ಕ್ರಿಯೆಯನ್ನು ಆರೋಪಿಸುವುದು ಪರ್ಸಾನಿಫಿಕೇಶನ್. "ದ ಓಲ್ಡ್ ಬಸ್ ಗ್ರೋನ್ಡ್ ಅಂಡ್ ರಿಫ್ಯೂಸ್ಡ್ ಟು ಕ್ಲೈಂಬ್ ದ ಘಾಟ್." ಹಳೆಯ ಬಸ್ಸು ನರಳಿತು, ಘಾಟಿ ಹತ್ತಲು ಒಲ್ಲೆನೆಂದಿತು. ನರಳುವುದೂ ಒಲ್ಲೆನೆನ್ನುವುದೂ ಮನುಷ್ಯನ ಕ್ರಿಯೆಗಳು. ಆರಂಭದಲ್ಲಿ ಹೇಳಿದ ಮುಂಗಾರಿನ ವಾಕ್ಯವೂ ಈ ಗುಂಪಿಗೆ ಸೇರಿದ್ದು. ದ್ರೋಹಕ್ಕೆ ಮನಸ್ಸು ಬೇಕು, ಮಳೆಗೆ ಮನಸ್ಸಿಲ್ಲ.

"ದ ಡಾಗ್ ಈಸ್ ಸ್ಲೀಪಿಂಗ್" ಎಂಬುದು ಪರ್ಸಾನಿಫಿಕೇಶನ್ ಅಲ್ಲ. ನಿದ್ದೆ ನಾಯಿಗೂ ಉಂಟು. ಆರೋಪಿತವಾದ ಗುಣ ಆ ವಸ್ತುವಿಗೆ ಸಹಜವೇ ಎಂದು ಕೇಳಿಕೊಳ್ಳಬೇಕು.

7. ಹೈಪರ್ಬಲಿ: ಅತಿಶಯೋಕ್ತಿ

"ಐ ಹ್ಯಾವ್ ಟೋಲ್ಡ್ ಯೂ ಅ ಥೌಸಂಡ್ ಟೈಮ್ಸ್." ಹೇಳಿದವರು ಲೆಕ್ಕವಿಟ್ಟಿಲ್ಲ, ಬೇಸರದ ತೀವ್ರತೆಯನ್ನು ತಿಳಿಸಿದ್ದಾರೆ. ಕನ್ನಡದ ತಾಯಿ "ನೂರು ಸಲ ಹೇಳಿದ್ದೇನೆ" ಎನ್ನುವುದೂ ಹೀಗೆಯೇ. ಈ ಗ್ರೀಕ್ ಪದಕ್ಕೆ "ಗುರಿಯಾಚೆಗೆ ಎಸೆಯುವುದು" ಎಂಬ ಮೂಲಾರ್ಥವಿದೆ. ಕೊನೆಯ ಅಕ್ಷರ "ಇ" ಉಚ್ಚಾರವಾಗುತ್ತದೆ ಎಂಬುದನ್ನು ಗಮನಿಸಬೇಕು. "ಹೈಪರ್ ಬೋಲ್" ಎಂದು ಓದುವುದು ತಪ್ಪು.

ದೊಡ್ಡ ಸಂಖ್ಯೆ ಇದ್ದ ಮಾತ್ರಕ್ಕೆ ಹೈಪರ್ಬಲಿ ಆಗದು. "ದ ಲೈಬ್ರರಿ ಹ್ಯಾಸ್ ಅ ಥೌಸಂಡ್ ಬುಕ್ಸ್" ಎಂಬುದು ಎಣಿಸಿ ನೋಡಬಹುದಾದ ಸಂಗತಿ.

ಇಲ್ಲಿ ಕನ್ನಡ ವಿದ್ಯಾರ್ಥಿಗಳಿಗೆ ಒಂದು ತೊಡಕುಂಟು. ಆಡುಮಾತಿನಲ್ಲಿ "ಉತ್ಪ್ರೇಕ್ಷೆ" ಎಂದರೆ ಅತಿಯಾಗಿ ಹೇಳುವುದು. ಆದರೆ ಅಲಂಕಾರಶಾಸ್ತ್ರದಲ್ಲಿ ಉತ್ಪ್ರೇಕ್ಷಾಲಂಕಾರವೆಂದರೆ ಒಂದು ವಸ್ತುವನ್ನು ಮತ್ತೊಂದಾಗಿ ಸಂಭಾವಿಸುವುದು, ಅದೋ ಇದೋ ಎಂದು ಕಲ್ಪಿಸುವುದು. ಆದ್ದರಿಂದ ಹೈಪರ್ಬಲಿಗೆ ಕನ್ನಡದಲ್ಲಿ ಹತ್ತಿರದ ಹೆಸರು ಅತಿಶಯೋಕ್ತಿ, ಉತ್ಪ್ರೇಕ್ಷಾಲಂಕಾರವಲ್ಲ.

8. ಅಲಿಟರೇಶನ್ ಮತ್ತು ಆನಮಟಪೀಯ: ಧ್ವನಿಯ ಅಲಂಕಾರಗಳು

ಹತ್ತಿರ ಹತ್ತಿರದ ಪದಗಳು ಒಂದೇ ವ್ಯಂಜನಧ್ವನಿಯಿಂದ ಆರಂಭವಾದರೆ ಅದು ಅಲಿಟರೇಶನ್. ಕನ್ನಡದ ಅನುಪ್ರಾಸಕ್ಕೆ ಇದು ಸಮೀಪ. ಆದರೆ ಹಳಗನ್ನಡ ಪದ್ಯಗಳ ಆದಿಪ್ರಾಸ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿರುತ್ತದೆ. ಇಂಗ್ಲಿಷಿನ ಅಲಿಟರೇಶನ್ ಪದದ ಮೊದಲ ಧ್ವನಿಯಲ್ಲಿರುತ್ತದೆ. ಇವೆರಡನ್ನು ಬೆರೆಸಬಾರದು.

ಗಮನಿಸಬೇಕಾದುದು ಅಕ್ಷರವಲ್ಲ, ಧ್ವನಿ. "ಸಿಟಿ ಕ್ಯಾಟ್ಸ್ ಚೇಸ್" ಎಂಬ ಮೂರು ಪದಗಳೂ ಇಂಗ್ಲಿಷಿನಲ್ಲಿ "ಸಿ" ಅಕ್ಷರದಿಂದಲೇ ಆರಂಭವಾಗುತ್ತವೆ. ಆದರೂ ಅಲಿಟರೇಶನ್ ಇಲ್ಲ. ಧ್ವನಿಗಳು ಮೂರು ಬಗೆಯವು. "ಫೈವ್ ಫೋನ್ಸ್ ಫೆಲ್" ಎಂಬಲ್ಲಿ ನಡುವಿನ ಪದ "ಪಿ" ಅಕ್ಷರದಿಂದ ಆರಂಭವಾದರೂ ಧ್ವನಿ ಒಂದೇ. ಆದ್ದರಿಂದ ಅಲಿಟರೇಶನ್ ಇದೆ. ಹಾಗೆಯೇ ಚಾಕು ಎಂಬರ್ಥದ "ನೈಫ್" ಪದದ ಮೊದಲ ಅಕ್ಷರ "ಕೆ" ಆದರೂ ಅದು "ನ್" ಧ್ವನಿಯಿಂದಲೇ ಆರಂಭವಾಗುತ್ತದೆ. ಕನ್ನಡ ಲಿಪಿ ಉಚ್ಚಾರವನ್ನು ಅನುಸರಿಸುವುದರಿಂದ, ಸಂಶಯ ಬಂದಾಗ ಇಂಗ್ಲಿಷ್ ವಾಕ್ಯವನ್ನು ಕನ್ನಡ ಅಕ್ಷರಗಳಲ್ಲಿ ಬರೆದು ನೋಡುವುದು ಉತ್ತಮ ಉಪಾಯ.

ವಸ್ತುವಿನ ಸದ್ದನ್ನೇ ಪದವು ಅನುಕರಿಸಿದರೆ ಅದು ಆನಮಟಪೀಯ. "ಬಜ್", "ಹಿಸ್", "ಸ್ಪ್ಲ್ಯಾಶ್", "ಕ್ಲಿಕ್" ಮುಂತಾದವು ಇಂತಹವು. ಕನ್ನಡ ವ್ಯಾಕರಣದ ಅನುಕರಣಾವ್ಯಯಗಳಾದ ಪಟಪಟ, ದಬದಬ, ಗುಳುಗುಳು ಎಂಬವನ್ನು ನೆನೆದರೆ ಇದು ತಾನಾಗಿ ತಿಳಿಯುತ್ತದೆ.

9. ಮೆಟಾನಮಿ ಮತ್ತು ಸಿನೆಕ್ಡಕಿ

"ದ ಕೆಟಲ್ ಈಸ್ ಬಾಯ್ಲಿಂಗ್." ಕುದಿಯುತ್ತಿರುವುದು ಪಾತ್ರೆಯಲ್ಲ, ಒಳಗಿನ ನೀರು. ಒಂದು ವಸ್ತುವಿನ ಬದಲಿಗೆ ಅದರೊಡನೆ ಸಂಬಂಧವುಳ್ಳ ಇನ್ನೊಂದರ ಹೆಸರು ಹೇಳುವುದು ಮೆಟಾನಮಿ. ಪತ್ರಿಕೆಯಲ್ಲಿ "ದ ವೈಟ್ ಹೌಸ್ ಡಿನೈಡ್ ದ ರಿಪೋರ್ಟ್" ಎಂದಿದ್ದರೆ ನಿರಾಕರಿಸಿದ್ದು ಕಟ್ಟಡವಲ್ಲ, ಅಮೆರಿಕದ ಅಧ್ಯಕ್ಷರ ಕಚೇರಿ. "ವಿಧಾನಸೌಧದ ಆದೇಶ" ಎಂದಾಗ ಕನ್ನಡಿಗರು ಸರ್ಕಾರವೆಂದು ತಿಳಿಯುವುದು ಹೀಗೆಯೇ. ಇಂತಹ ಅರ್ಥವನ್ನು ಭಾರತೀಯ ಕಾವ್ಯಮೀಮಾಂಸೆ ಲಕ್ಷಣಾವೃತ್ತಿ ಎಂದು ಕರೆಯುತ್ತದೆ.

ಅಂಗದ ಹೆಸರಿನಿಂದ ಇಡಿಯನ್ನು ಅಥವಾ ಇಡಿಯ ಹೆಸರಿನಿಂದ ಅಂಗವನ್ನು ಸೂಚಿಸುವುದು ಸಿನೆಕ್ಡಕಿ. "ಹೀ ಹ್ಯಾಸ್ ಫೈವ್ ಮೌತ್ಸ್ ಟು ಫೀಡ್" ಎಂಬಲ್ಲಿ ಬಾಯಿ ಎಂದರೆ ಮನುಷ್ಯ. ಇದೇ ಮಾತನ್ನು ಕನ್ನಡದಲ್ಲಿ "ಐದು ಹೊಟ್ಟೆ ತುಂಬಿಸಬೇಕು" ಎನ್ನುತ್ತೇವೆ. ಇಂಗ್ಲಿಷ್ ಬಾಯಿಯನ್ನು ಹೇಳಿತು, ಕನ್ನಡ ಹೊಟ್ಟೆಯನ್ನು ಹೇಳಿತು. ಎರಡೂ ಹೇಳಿದ್ದು ಸಂಸಾರದ ಹೊಣೆಯನ್ನು.

10. ಆಕ್ಸಿಮೊರಾನ್ ಮತ್ತು ಐರನಿ

ಪರಸ್ಪರ ವಿರುದ್ಧವಾದ ಎರಡು ಪದಗಳನ್ನು ಒತ್ತಾಗಿ ಇಡುವುದು ಆಕ್ಸಿಮೊರಾನ್. "ಓಪನ್ ಸೀಕ್ರೆಟ್", "ಡೆಫನಿಂಗ್ ಸೈಲೆನ್ಸ್" ಇದಕ್ಕೆ ಉದಾಹರಣೆಗಳು. ಚೂಪು ಮತ್ತು ಮೊಂಡು ಎಂಬರ್ಥದ ಎರಡು ಗ್ರೀಕ್ ಪದಗಳು ಸೇರಿ ಆದ ಈ ಹೆಸರೇ ತನಗೆ ತಾನು ಉದಾಹರಣೆ.

ಹೇಳಿದ್ದಕ್ಕೆ ವಿರುದ್ಧವಾದುದನ್ನು ಉದ್ದೇಶಿಸುವುದು ಐರನಿ. ಎರಡು ಗಂಟೆ ತಡವಾಗಿ ಬಂದ ಬಸ್ಸನ್ನು ನೋಡಿ "ವಾಟ್ ಅ ಪಂಕ್ಚುವಲ್ ಬಸ್!" ಎಂದರೆ ಅದು ಹೊಗಳಿಕೆಯಲ್ಲ. ಐರನಿಯನ್ನು ವಾಕ್ಯದಿಂದ ಮಾತ್ರ ಗುರುತಿಸಲಾಗದು, ಸಂದರ್ಭ ತಿಳಿದಿರಬೇಕು. ಪ್ರಶ್ನೆಯಲ್ಲಿ ಸಂದರ್ಭ ಕೊಟ್ಟಿದ್ದರೆ ಅದನ್ನು ಓದದೆ ಉತ್ತರಿಸಬಾರದು.

11. ಒಂದೇ ವಾಕ್ಯದಲ್ಲಿ ಎರಡು ಅಲಂಕಾರಗಳು

"ದ ಸನ್ ಸ್ಮೈಲ್ಡ್ ಲೈಕ್ ಅ ಕೈಂಡ್ ಗ್ರ್ಯಾಂಡ್‌ಫಾದರ್." ಸೂರ್ಯ ನಕ್ಕನೆಂಬುದು ಪರ್ಸಾನಿಫಿಕೇಶನ್, ಕರುಣಾಳು ಅಜ್ಜನಂತೆ ಎಂಬುದು ಸಿಮಿಲಿ. ಇಂತಹ ವಾಕ್ಯದಲ್ಲಿ ಯಾವ ಭಾಗದ ಕೆಳಗೆ ಗೆರೆ ಎಳೆದಿದೆ ಎಂಬುದನ್ನು ನೋಡಿ ಉತ್ತರಿಸಬೇಕು. ಗೆರೆ ಇಲ್ಲದಿದ್ದರೆ ಎರಡನ್ನೂ ಕಾರಣಸಹಿತ ಬರೆಯುವುದು ಸೂಕ್ತ.

12. ಪರೀಕ್ಷೆಯ ಹೊರಗೆ ಇದರ ಉಪಯೋಗ

ಅಲಂಕಾರದ ಪಾಠ ಪದ್ಯಭಾಗಕ್ಕೂ ಅಂಕಕ್ಕೂ ಸೀಮಿತವೆಂದು ತಿಳಿಯಬಾರದು. ಇಂದು ಹಳ್ಳಿಯ ಮನೆಗೂ ಮೊಬೈಲಿನಲ್ಲಿ ಇಂಗ್ಲಿಷ್ ಸಂದೇಶಗಳು ಬರುತ್ತವೆ. ಮನೆಯಲ್ಲಿ ಅವನ್ನು ಓದಿ ಹಿರಿಯರಿಗೆ ಹೇಳುವವರು ಹಲವೊಮ್ಮೆ ಶಾಲೆಗೆ ಹೋಗುವ ಮಕ್ಕಳೇ. "ಯುವರ್ ಮನಿ ವಿಲ್ ಗ್ರೋ ಲೈಕ್ ಅ ಬನ್ಯನ್ ಟ್ರೀ" ಎಂಬ ಸಂದೇಶ ಬಂದರೆ ಅದು ಸಿಮಿಲಿ, ಬಡ್ಡಿಯ ದರವಲ್ಲ. ಆಲದ ಮರದ ಮಾತಿನಲ್ಲಿ ಶೇಕಡಾ ಎಷ್ಟು, ಎಷ್ಟು ವರ್ಷಕ್ಕೆ, ಹಣಕ್ಕೆ ಯಾರು ಹೊಣೆ ಎಂಬ ಯಾವ ಸಂಗತಿಯೂ ಇಲ್ಲ. "ಯುವರ್ ಸೇವಿಂಗ್ಸ್ ಆರ್ ಅ ರಾಕ್ ವಿತ್ ಅಸ್" ಎಂಬುದು ಮೆಟಫರ್, ಭದ್ರತೆಯ ಪತ್ರವಲ್ಲ. "ಸೀ ರಿಸಲ್ಟ್ಸ್ ಓವರ್‌ನೈಟ್" ಎಂದು ಮುಲಾಮಿನ ಡಬ್ಬಿಯ ಮೇಲಿದ್ದರೆ ಅದು ಹೈಪರ್ಬಲಿ ಎಂದು ಸಂಶಯಿಸಬೇಕು.

ಇದಕ್ಕೆ ಪ್ರತಿಯಾಗಿ ಔಷಧದ ಚೀಟಿಯ ಮೇಲಿನ "ಟೇಕ್ ಆಫ್ಟರ್ ಫುಡ್", ಕೀಟನಾಶಕದ ಡಬ್ಬಿಯ ಮೇಲಿನ "ಕೀಪ್ ಅವೇ ಫ್ರಮ್ ಚಿಲ್ಡ್ರನ್" ಎಂಬ ಮಾತುಗಳಲ್ಲಿ ಅಲಂಕಾರದ ಲವಲೇಶವೂ ಇಲ್ಲ. ಅವು ಅಕ್ಷರಶಃ ಪಾಲಿಸಬೇಕಾದವು. ಯಾವ ಮಾತನ್ನು ಇದ್ದಂತೆ ನಂಬಬೇಕು, ಯಾವುದನ್ನು ಅಲಂಕಾರವೆಂದು ಬಿಡಿಸಿ ನೋಡಬೇಕು ಎಂಬ ವಿವೇಕವೇ ಈ ಪಾಠದ ನಿಜವಾದ ಫಲ. ಅದು ಬಂದ ವಿದ್ಯಾರ್ಥಿ ತನ್ನ ಮನೆಗೂ ಆಸರೆಯಾಗುತ್ತಾನೆ.

13. ಅಭ್ಯಾಸ

ಕೆಳಗಿನ ವಾಕ್ಯಗಳಲ್ಲಿರುವ ಅಲಂಕಾರವನ್ನು ಗುರುತಿಸಿ, ಒಂದು ವಾಕ್ಯದಲ್ಲಿ ಕಾರಣ ಬರೆಯಿರಿ. ಅಲಂಕಾರವಿಲ್ಲದಿದ್ದರೆ "ಇಲ್ಲ" ಎಂದು ಬರೆಯಿರಿ.

(1) ಹೀ ಸ್ವಿಮ್ಸ್ ಲೈಕ್ ಅ ಫಿಶ್.
(2) ಸೀತಾ ಈಸ್ ಆಸ್ ಓಲ್ಡ್ ಆಸ್ ಗೀತಾ.
(3) ಇನ್ ಏಪ್ರಿಲ್ ದ ಕ್ಲಾಸ್‌ರೂಮ್ ಈಸ್ ಆನ್ ಅವನ್.
(4) ದ ಅಲಾರಂ ಕ್ಲಾಕ್ ಸ್ಕೋಲ್ಡ್ಸ್ ಮಿ ಎವ್ರಿ ಮಾರ್ನಿಂಗ್.
(5) ದಿಸ್ ಸ್ಕೂಲ್ ಬ್ಯಾಗ್ ವೇಸ್ ಅ ಟನ್.
(6) ದ ಲಾರಿ ಕ್ಯಾರೀಸ್ ನೈನ್ ಟನ್ಸ್ ಆಫ್ ಶುಗರ್‌ಕೇನ್.
(7) ಬಾಬು ಬಾಟ್ ಬಿಗ್ ಬ್ರಾಸ್ ಬೆಲ್ಸ್.
(8) ದ ಪ್ರೆಷರ್ ಕುಕರ್ ಹಿಸ್ಡ್.
(9) ಅವರ್ ಟೀಮ್ ನೀಡ್ಸ್ ಫ್ರೆಶ್ ಲೆಗ್ಸ್.
(10) ಬಿರುಗಾಳಿಗೆ ಕೊಡೆ ಹಾರಿಹೋದವನು: "ವಾಟ್ ಲವ್ಲಿ ವೆದರ್!"

ಉತ್ತರ ಸೂಚಿ

(1) ಸಿಮಿಲಿ, ಮನುಷ್ಯನನ್ನು ಮೀನಿಗೆ "ಲೈಕ್" ಪದದಿಂದ ಹೋಲಿಸಿದೆ. (2) ಇಲ್ಲ, ಇಬ್ಬರ ವಯಸ್ಸಿನ ನೈಜ ಹೋಲಿಕೆ. (3) ಮೆಟಫರ್, ಕೊಠಡಿಯೇ ಒಲೆ ಎಂದು ಅಭೇದ ಕಲ್ಪಿಸಿದೆ. (4) ಪರ್ಸಾನಿಫಿಕೇಶನ್, ಬೈಯುವುದು ಮನುಷ್ಯನ ಕ್ರಿಯೆ. (5) ಹೈಪರ್ಬಲಿ, ಶಾಲಾಚೀಲ 1000 ಕಿಲೋಗ್ರಾಂ ತೂಗದು. (6) ಇಲ್ಲ, ತೂಕದ ವಾಸ್ತವ ಹೇಳಿಕೆ. (7) ಅಲಿಟರೇಶನ್, ಐದು ಪದಗಳೂ "ಬ್" ಧ್ವನಿಯಿಂದ ಆರಂಭವಾಗಿವೆ. (8) ಆನಮಟಪೀಯ, ಪದವು ಆವಿಯ ಸದ್ದನ್ನು ಅನುಕರಿಸುತ್ತದೆ. (9) ಸಿನೆಕ್ಡಕಿ, ಕಾಲುಗಳೆಂದರೆ ಹೊಸ ಆಟಗಾರರು. (10) ಐರನಿ, ಸಂದರ್ಭವು ಮಾತಿಗೆ ವಿರುದ್ಧವಾಗಿದೆ.

ಶಿಕ್ಷಕರಿಗೆ ಸೂಚನೆ: ವಿದ್ಯಾರ್ಥಿಗಳು ಹೆಸರನ್ನಷ್ಟೇ ಬರೆದರೆ ಸಾಕೆಂದು ಬಿಡದೆ ಕಾರಣವನ್ನು ಬಾಯಲ್ಲಿ ಹೇಳಿಸುವುದು. ಪ್ರತಿ ವಿದ್ಯಾರ್ಥಿಯೂ ಮನೆಯಲ್ಲಿ ಕೇಳಿದ ಐದು ಕನ್ನಡ ಮಾತುಗಳನ್ನು ತಂದು ಅವುಗಳಲ್ಲಿರುವ ಅಲಂಕಾರದ ಇಂಗ್ಲಿಷ್ ಹೆಸರನ್ನು ಹೇಳುವಂತೆ ಮಾಡುವುದು. ಅಲಂಕಾರವಿಲ್ಲದ ವಾಕ್ಯಗಳನ್ನೂ ಅಭ್ಯಾಸದಲ್ಲಿ ಸೇರಿಸುವುದು ಅವಶ್ಯ. ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲವನೇ ಇರುವುದನ್ನು ಸರಿಯಾಗಿ ಗುರುತಿಸಬಲ್ಲ.